ಹಳೇ ಪದ್ಮಿನಿಯ ಹಿಂದಿನ ಸೀಟಿಗೆ ಹೆಗಲ ಬೆಲ್ಟ್: ಬೆಲ್ಟಿಗಿಂತ ಮೊದಲು ತಗಡು ನೋಡಿ

ಪ್ರಶ್ನೆ: ನಮ್ಮ ತಂದೆ 1979ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ಓಡುತ್ತಿದೆ. ಮುಂದಿನ ಎರಡು ಸೀಟಿಗೆ ಅವರೇ ಬಹಳ ಹಿಂದೆ ಬೆಲ್ಟ್ ಹಾಕಿಸಿದ್ದರು. ಹಿಂದೆ ಏನೂ ಇಲ್ಲ. ತಿಂಗಳಿಗೆ ಒಂದೆರಡು ಸಲ ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ಬರುತ್ತೇವೆ. ಹಿಂದೆ 72 ವರ್ಷದ ಅಮ್ಮ, 8 ಮತ್ತು 11 ವರ್ಷದ ನನ್ನ ಇಬ್ಬರು ಹೆಣ್ಣುಮಕ್ಕಳು ಕೂರುತ್ತಾರೆ. ಸೊಂಟಕ್ಕೆ ಮಾತ್ರವಲ್ಲ, ಹೆಗಲ ಮೇಲೂ ಬರುವ ಬೆಲ್ಟ್ ಹಾಕಿಸಬೇಕೆಂದು ಆಸೆ. ಒಬ್ಬ ಮೆಕ್ಯಾನಿಕ್ ‘ಒಂದು ಮಧ್ಯಾಹ್ನದ ಕೆಲಸ, ನಾಲ್ಕು ತೂತು ಹೊಡೆದರೆ ಆಯ್ತು’ ಅನ್ನುತ್ತಾರೆ. ಇನ್ನೊಬ್ಬರು ‘ಹಳೇ ಗಾಡಿಗೆ ಅದೆಲ್ಲ ಆಗಲ್ಲ, ಆರ್‌ಟಿಒದವರು ಬಿಡಲ್ಲ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ:

ಇಬ್ಬರ ಮಾತನ್ನೂ ಕೇಳಬೇಡಿ. ಬೆಲ್ಟ್ ಹಾಕಿಸಬಹುದು, ಹಾಕಿಸಲೇಬೇಕು. ಆದರೆ ನಾಲ್ಕು ತೂತಿನ ಕೆಲಸ ಅಂದವರ ಕೈಗೆ ಮಾತ್ರ ಗಾಡಿಯ ಕೀಲಿ ಕೊಡಬೇಡಿ. ಇದು ತೊಂಬತ್ತು ಪಾಲು ಟಿಂಕರಿಂಗ್ ಕೆಲಸ, ಹತ್ತು ಪಾಲು ಬೆಲ್ಟಿನ ಕೆಲಸ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕೆಲವು ವರ್ಷಗಳ ಹಿಂದೆ ನನ್ನ ಶೆಡ್ಡಿಗೆ ಒಂದು ಅಂಬಾಸಿಡರ್ ಬಂದಿತ್ತು. ಬ್ರೇಕ್ ಕೆಲಸಕ್ಕೆ ಬಂದದ್ದು. ಹಿಂದಿನ ಸೀಟಿನಲ್ಲಿ ಹೊಳೆಯುವ ಕಪ್ಪು ಬೆಲ್ಟು, ಬಕಲ್ ‘ಟಕ್’ ಅಂತ ಚೆನ್ನಾಗಿ ಬೀಳುತ್ತಿತ್ತು. ಸುಮ್ನೆ ಕುತೂಹಲಕ್ಕೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಮೇಲಿನ ತುದಿ ಕೈಗೇ ಬಂತು. ಒಳಗೆ ನೋಡಿದರೆ ಹೊದಿಕೆಯ ಹಿಂದಿನ ಹಲಗೆಗೆ ಎರಡು ತಗಡು ಸ್ಕ್ರೂ ಬಿಗಿದಿದ್ದರು, ಅಷ್ಟೇ. ಆ ಯಜಮಾನರು ನಾಲ್ಕು ವರ್ಷ ಅದನ್ನೇ ನಂಬಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದರು. ಬೆಲ್ಟ್ ಇಲ್ಲದಿದ್ದರೆ ಮನುಷ್ಯ ಭಯಪಟ್ಟು ನಿಧಾನ ಹೋಗುತ್ತಾನೆ. ಸುಳ್ಳು ಬೆಲ್ಟ್ ಆ ಭಯವನ್ನೂ ಕಿತ್ತುಕೊಳ್ಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಅಮ್ಮನ ತೂಕ 60 ಕಿಲೋ ಅಂದುಕೊಳ್ಳಿ. ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಿ ಏನಕ್ಕೋ ಗುದ್ದುತ್ತದೆ. ಗಾಡಿಯ ಮೂತಿ ನಜ್ಜಾಗಿ, ಬೆಲ್ಟ್ ಸ್ವಲ್ಪ ಹಿಗ್ಗಿ, ಅವರ ಮೈ ಅರ್ಧ ಮೀಟರಿನಲ್ಲಿ ನಿಂತಿತು ಅಂದುಕೊಂಡರೂ ಅವರನ್ನು ಹಿಡಿದು ನಿಲ್ಲಿಸಲು ಸರಾಸರಿ 11,600 ನ್ಯೂಟನ್ ಬಲ ಬೇಕು. ಅಂದರೆ ಸುಮಾರು 1,180 ಕಿಲೋ ತೂಕ. ನಿಮ್ಮ ಪದ್ಮಿನಿಯ ತೂಕವೇ 900 ಕಿಲೋ ಆಸುಪಾಸು. ಹಾಗಾಗಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ‘ಒಂದು ಬೆಲ್ಟಿನ ಮೂರು ತುದಿಯ ಈ ಮೂರು ಬೋಲ್ಟಿಗೆ ಇಡೀ ಗಾಡಿಯನ್ನು ನೇತುಹಾಕಿದರೂ ತಡೆಯಬೇಕು, ಹಾಗೆ ಮಾಡಿ.’ ಹೊಸ ಕಾರುಗಳಿಗಿರುವ ವಿಶ್ವಸಂಸ್ಥೆಯ 14ನೇ ನಿಯಮದ ಪರೀಕ್ಷೆಯೂ ಹತ್ತಿರ ಹತ್ತಿರ ಹೀಗೇ ಇದೆ. ಹೆಗಲ ಪಟ್ಟಿಯನ್ನು 13,500 ನ್ಯೂಟನ್, ಸೊಂಟದ ಪಟ್ಟಿಯನ್ನು 13,500 ನ್ಯೂಟನ್, ಎರಡನ್ನೂ ಒಟ್ಟಿಗೆ ಎಳೆದು ನೋಡುತ್ತಾರೆ.

ಇಷ್ಟು ಬಲವನ್ನು ಬೆಲ್ಟಿನ ಪಟ್ಟಿ ತಡೆಯುತ್ತದೆ. ಬೋಲ್ಟ್ ಅಂತೂ ಆರಾಮಾಗಿ ತಡೆಯುತ್ತದೆ. ತಡೆಯದೆ ಹರಿಯುವುದು ತಗಡು. ಹೆಚ್ಚುಕಡಿಮೆ ಒಂದು ಮಿ.ಮೀ. ದಪ್ಪದ ಶೀಟಿಗೆ ಬರೀ ವಾಷರ್ ಹಾಕಿ ಬೋಲ್ಟ್ ಬಿಗಿದರೆ, ಜಗ್ಗಿದಾಗ ಅಂಗಿಯ ಗುಂಡಿ ಬಟ್ಟೆಯ ಚೂರಿನ ಸಮೇತ ಕಿತ್ತು ಬರುತ್ತದಲ್ಲ, ಹಾಗೆ ಬೋಲ್ಟ್ ಕಿತ್ತು ಬರುತ್ತದೆ.

ಪದ್ಮಿನಿಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಹೆಸರು ಪದ್ಮಿನಿ ಆದದ್ದು 1974ರಲ್ಲಿ. ಅದಕ್ಕೂ ಮುಂಚೆ, 1964ರಿಂದಲೇ ಇದು ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಆಗಿ ತಯಾರಾಗುತ್ತಿತ್ತು. ಆ ಬಾಡಿಯ ಮೂಲ ಹುಡುಕುತ್ತಾ ಹೋದರೆ 1953ರ ಇಟಲಿಯ ಫಿಯಟ್ 1100-103ಕ್ಕೆ ಹೋಗಿ ಮುಟ್ಟುತ್ತೇವೆ. ಇವತ್ತು ನಾವೆಲ್ಲ ಹಾಕುವ ಮೂರು ಕಡೆ ಹಿಡಿಯುವ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ, ಅದು ಕಾರಿಗೆ ಬಂದದ್ದು 1959ರಲ್ಲಿ. ಅಂದರೆ ಬೆಲ್ಟ್ ಹುಟ್ಟುವ ಮೊದಲೇ ನಿಮ್ಮ ಗಾಡಿಯ ಬಾಡಿ ಹುಟ್ಟಿತ್ತು! ಅಂಬಾಸಿಡರ್‌ ಕಥೆಯೂ ಇದೇ, ಅದರ ಅಪ್ಪ 1956ರ ಮಾರಿಸ್ ಆಕ್ಸ್‌ಫರ್ಡ್. ಹಾಗಾಗಿ ಛಾವಣಿಯನ್ನು ಹೊತ್ತ ಹಿಂದಿನ ಕಂಬದಲ್ಲಿ ಬೆಲ್ಟಿಗೆಂದು ಜಾಗ ಬಿಟ್ಟಿರುತ್ತಾರೆ ಅಂತ ಹುಡುಕಿದರೆ ಸಿಗುವುದಿಲ್ಲ. ವಿದೇಶದಲ್ಲಿರುವ ನಮ್ಮವರಲ್ಲಿ 70ರ ದಶಕದ ಅಮೆರಿಕನ್ ಕಾರು ಇಟ್ಟುಕೊಂಡವರಿದ್ದರೆ ಅವರ ಪಾಡು ಸ್ವಲ್ಪ ಸುಲಭ. ಅಲ್ಲಿ 1968ರಿಂದಲೇ ಹಿಂದಿನ ಸೀಟಿಗೆ ಸೊಂಟದ ಬೆಲ್ಟ್ ಕಡ್ಡಾಯ. ಕೆಳಗಿನ ಜಾಗ ಫ್ಯಾಕ್ಟರಿಯಲ್ಲೇ ಆಗಿರುತ್ತದೆ. ನಮ್ಮ ಪದ್ಮಿನಿಯಲ್ಲಿ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕು.

ಈಗ ಕೆಲಸಕ್ಕೆ ಬರೋಣ. ಬೆಲ್ಟ್ ಕೊಳ್ಳಲು ಓಡಬೇಡಿ. ಮೊದಲು ಹಿಂದಿನ ಸೀಟಿನ ಕುಶನ್, ಒರಗು, ಪಕ್ಕದ ಹೊದಿಕೆ, ನೆಲದ ಮ್ಯಾಟು ಎಲ್ಲ ತೆಗೆಸಿ. ಗಾಡಿಯ ಬರಿಮೈ ಕಾಣಬೇಕು. ಒಂದು ಟಾರ್ಚು, ಒಂದು ಸಣ್ಣ ಅಯಸ್ಕಾಂತ, ಒಂದು ಹಳೇ ಸ್ಕ್ರೂಡ್ರೈವರ್ ಸಾಕು. ಅಯಸ್ಕಾಂತ ಅಂಟದ ಕಡೆ ಒಳಗೆ ಇರುವುದು ಪುಟ್ಟಿ, ತಗಡಲ್ಲ. ಸ್ಕ್ರೂಡ್ರೈವರಿನಿಂದ ಒತ್ತಿದರೆ ‘ಕರಕ್’ ಅಂದು ಒಳಗೆ ಹೋದರೆ ಅಲ್ಲಿ ತುಕ್ಕು ತಿಂದು ಮುಗಿಸಿದೆ. ನೀವಿರುವುದು ಸಾಗರ. ಅಲ್ಲಿಯ ಮಳೆಗಾಲದ ಬಗ್ಗೆ ನಾನು ನಿಮಗೆ ಹೇಳಬೇಕಿಲ್ಲ. ಹಿಂದಿನ ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ನೀರು ಅಲ್ಲಿಂದ ಇಳಿದು, ಗಾಜಿನ ಕೆಳಗಿನ ತಟ್ಟೆಯ ಮೂಲೆ, ಚಕ್ರದ ಗೂಡಿನ ಮೇಲ್ಭಾಗ, ಸೀಟಿನ ಅಡಿ ಈ ಮೂರು ಕಡೆ ನಿಲ್ಲುತ್ತದೆ. ದುರದೃಷ್ಟಕ್ಕೆ ಬೆಲ್ಟ್ ಕಟ್ಟಬೇಕಾದ ಜಾಗಗಳೂ ಅವೇ. ತುಕ್ಕು ಸಿಕ್ಕರೆ ಬೇಸರ ಬೇಡ. ಕೊಳೆತದ್ದನ್ನು ಕತ್ತರಿಸಿ ಹೊಸ ಶೀಟು ಬೆಸುಗೆ ಹಾಕಿಸಿ, ಆಮೇಲೆ ಮುಂದಿನ ಮಾತು. ಕೊಳೆತದ್ದರ ಮೇಲೆಯೇ ಪ್ಯಾಚ್ ಕೂರಿಸುತ್ತೇನೆ ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ.

ಇನ್ನೊಂದು ಸಂಗತಿ. ಹಿಂದಿನ ಗಾಜಿನ ಕೆಳಗಿನ ತಟ್ಟೆಯಲ್ಲಿ ಸ್ಪೀಕರ್ ಕೂರಿಸಲು ಯಾರಾದರೂ ದೊಡ್ಡ ಎರಡು ತೂತು ಕೊರೆದಿದ್ದಾರಾ ನೋಡಿ. 80-90ರ ದಶಕದಲ್ಲಿ ಅದೊಂದು ಹುಚ್ಚಿತ್ತು. ಆ ತಟ್ಟೆ ಎರಡೂ ಬದಿಯ ಬಾಡಿಯನ್ನು ಹಿಡಿದು ನಿಲ್ಲಿಸುವ ಅಡ್ಡಪಟ್ಟಿ ಇದ್ದಂತೆ. ತೂತಿದ್ದರೆ ಅದರ ಕಸು ಅರ್ಧ ಹೋಯಿತು ಅಂತಲೇ ತಿಳಿಯಿರಿ.

ತಗಡು ಗಟ್ಟಿ ಇದೆ ಅಂತಾದ ಮೇಲೆ ಹಗ್ಗದ ಆಟ. ಇದನ್ನು ತುಂಬಾ ಜನ ಬಿಟ್ಟೇ ಬಿಡುತ್ತಾರೆ. ಸೀಟನ್ನು ಮತ್ತೆ ಹಾಕಿ ಅಮ್ಮನನ್ನು ಕೂರಿಸಿ. ಎರಡು ಇಂಚು ಅಗಲದ ಬಟ್ಟೆಯ ಲಾಡಿ ತೆಗೆದುಕೊಳ್ಳಿ. ಅದನ್ನೇ ಬೆಲ್ಟ್ ಅಂದುಕೊಂಡು ಅವರ ಮೈಮೇಲೆ ಹಾಯಿಸಿ ನೋಡಿ. ಹೆಗಲ ಪಟ್ಟಿ ಹೆಗಲಿನ ಮಧ್ಯದಲ್ಲಿ ಬರಬೇಕು. ಕುತ್ತಿಗೆಗೆ ತಾಗಬಾರದು, ತೋಳಿನ ಕಡೆ ಜಾರಬಾರದು. ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ, ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಪಕ್ಕದಿಂದ ನೋಡಿದಾಗ ಸೊಂಟದ ಪಟ್ಟಿ ನೆಲದ ಕಡೆಗೆ 45ರಿಂದ 60 ಡಿಗ್ರಿ ಓರೆಯಲ್ಲಿ ಇಳಿದರೆ ಒಳ್ಳೆಯದು. ತೀರಾ ಚಪ್ಪಟೆಯಾಗಿ ಹಿಂದಕ್ಕೆ ಹೋದರೆ ಗುದ್ದಿದಾಗ ಮನುಷ್ಯ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುತ್ತಾನೆ. ಪಟ್ಟಿ ಆಗ ಮೂಳೆ ಬಿಟ್ಟು ಕರುಳಿನ ಮೇಲೆ ಹತ್ತುತ್ತದೆ.

ಪದ್ಮಿನಿಯ ಸ್ಪ್ರಿಂಗ್ ಸೀಟಿನಲ್ಲಿ ಈ ಜಾರುವ ಅಪಾಯ ಇನ್ನೂ ಜಾಸ್ತಿ. ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು. ನಲವತ್ತು ವರ್ಷದಲ್ಲಿ ಎರಡೂ ಸೋತಿರುತ್ತವೆ. ಕೂತರೆ ಸೋಫಾದ ಹಾಗೆ ಹಾಯಾಗಿರುತ್ತದೆ, ನಿಜ. ಆದರೆ ಜೋರಾಗಿ ನಿಂತಾಗ ಸೊಂಟ ಕೆಳಗೆ ಹೂತು ಮುಂದಕ್ಕೆ ಹೋಗುತ್ತದೆ. ಬೆಲ್ಟ್ ಹಾಕಿಸುವ ಖರ್ಚಿನಲ್ಲೇ ಸೀಟಿನವರ ಹತ್ತಿರ ಹೋಗಿ ಸೋತ ಸ್ಪ್ರಿಂಗ್ ಬದಲಿಸಿ, ಮುಂದಿನ ಅಂಚು ಸ್ವಲ್ಪ ಎತ್ತರ ಮತ್ತು ಗಡುಸಾಗಿರುವ ಹಾಗೆ ಫೋಮ್ ಹಾಕಿಸಿ. ಹಾಗೆಯೇ ಒರಗನ್ನು ಬಾಡಿಗೆ ಬೋಲ್ಟ್ ಮಾಡಿಸಿ. ಬೆಲ್ಟ್ ಹಾಕಿಕೊಂಡು ಕೂತವರ ಬೆನ್ನಿಗೆ ಡಿಕ್ಕಿಯಲ್ಲಿರುವ ಅಕ್ಕಿ ಮೂಟೆಯೋ ಜಾಕೋ ಒರಗಿನ ಸಮೇತ ಬಂದು ಬಡಿದರೆ ಏನು ಪ್ರಯೋಜನ?

ಹೆಗಲ ಪಟ್ಟಿಯ ಮೇಲಿನ ತುದಿ ಎಲ್ಲಿ ಕಟ್ಟಬೇಕು? ಇದೇ ಇಡೀ ಕೆಲಸದ ಗಂಟು. ಆ ತುದಿ ಕೂತವರ ಹೆಗಲಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರಬೇಕು. ಕೆಳಗಿದ್ದರೆ ಗುದ್ದಿದ ಗಳಿಗೆಯಲ್ಲಿ ಪಟ್ಟಿ ಹೆಗಲನ್ನು ಕೆಳಕ್ಕೆ ಅದುಮುತ್ತದೆ, ಆ ಭಾರ ನೇರವಾಗಿ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಸುಲಭ ಅಂತ ಎಲ್ಲರೂ ಕೈ ಹಾಕುವುದು ಗಾಜಿನ ಕೆಳಗಿನ ತಟ್ಟೆಗೆ. ಪದ್ಮಿನಿಯ ಒರಗು ಗಿಡ್ಡ, ತಲೆಗೆ ಆಸರೆಯೂ ಇಲ್ಲ. ಎತ್ತರದವರು ಕೂತರೆ ತಟ್ಟೆ ಅವರ ಹೆಗಲಿಗಿಂತ ಎಷ್ಟೋ ಕೆಳಗೆ ಉಳಿಯುತ್ತದೆ. ನಿಮ್ಮ ಅಮ್ಮ ಗಿಡ್ಡಗಿದ್ದರೆ ಅವರಿಗೆ ಸರಿಹೋಗಬಹುದು. ನಾಳೆ ಅದೇ ಸೀಟಿನಲ್ಲಿ ಆರಡಿ ಅಳಿಯ ಬಂದು ಕೂತರೆ?

ಹಾಗಾಗಿ ನನ್ನ ಮೊದಲ ಆಯ್ಕೆ ಯಾವಾಗಲೂ ಹಿಂದಿನ ಕಂಬ. ಹಿಂದಿನ ಬಾಗಿಲಿಗೂ ಹಿಂದಿನ ಗಾಜಿಗೂ ನಡುವೆ ಛಾವಣಿಯಿಂದ ಇಳಿಯುವ ಭಾಗ. ಅದು ಒಳಗೊಂದು ಹೊರಗೊಂದು ತಗಡು ಸೇರಿ ಆದ ಟೊಳ್ಳು ಕಂಬ. ಒಳಗಿನ ತಗಡನ್ನು ಚಿಕ್ಕ ಕಿಟಕಿಯಷ್ಟು ಕತ್ತರಿಸಿ, ಹಿಂದುಗಡೆಯಿಂದ ನಟ್ ಬೆಸೆದ ದಪ್ಪ ಉಕ್ಕಿನ ಪಟ್ಟಿಯನ್ನು ಒಳಗೆ ಇಳಿಸಿ, ಸುತ್ತಲೂ ಬೆಸುಗೆ ಹಾಕಿ ಮುಚ್ಚಬೇಕು. ಈ ಉಕ್ಕಿನ ಪಟ್ಟಿ 3 ಮಿ.ಮೀ. ದಪ್ಪಕ್ಕೆ ಕಡಿಮೆ ಬೇಡ. ವಿಸ್ತೀರ್ಣ ಎಷ್ಟು ಅಂದರೆ, ರ‍್ಯಾಲಿ ಕಾರುಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟದ ನಿಯಮ ಕೇಳುವುದು ಕನಿಷ್ಠ 40 ಚದರ ಸೆಂ.ಮೀ. ನಾನು ಹಳೇ ತಗಡಿಗೆ ಅದರ ಒಂದೂವರೆ ಪಟ್ಟು ಹಾಕಿಸುತ್ತೇನೆ. ಮೂಲೆಗಳನ್ನು ಗುಂಡಗೆ ಉಜ್ಜಬೇಕು. ಚೂಪು ಮೂಲೆ ಇದ್ದರೆ ಜಗ್ಗಿದಾಗ ಅದೇ ಕತ್ತರಿಯಾಗಿ ತಗಡನ್ನು ಸೀಳುತ್ತದೆ.

ಕಂಬ ತೀರಾ ಸೋತಿದೆ, ಅಲ್ಲಿ ಆಗುವುದೇ ಇಲ್ಲ ಅಂದರೆ ಎರಡನೇ ದಾರಿ: ಎಡಗಂಬದ ಬುಡದಿಂದ ಬಲಗಂಬದ ಬುಡದವರೆಗೆ ಸೀಟಿನ ಹಿಂದೆ ಒಂದು ಉಕ್ಕಿನ ಅಡ್ಡಕೊಳವೆ. ಅದರಿಂದ ಮೇಲೆದ್ದ ಎರಡು ಗಟ್ಟಿ ಕಾಲುಗಳ ತುದಿಗೆ ಬೆಲ್ಟ್. ಇದು ನೋಡಲು ಚೆಂದವಲ್ಲ. ಹಿಂದಿನ ಗಾಜಿನಲ್ಲಿ ಕಾಣುತ್ತದೆ, ಹಳೇ ಗಾಡಿಯ ಅಂದಕ್ಕೆ ಕುಂದು ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಕೊಳವೆ ಬಾಗುವ ಕೆಲಸ ಬಲ್ಲವರು ಮಾತ್ರ ಇದಕ್ಕೆ ಕೈ ಹಾಕಬೇಕು. ಎರಡೂ ಆಗದಿದ್ದರೆ? ಆಗ ಹೆಗಲ ಪಟ್ಟಿಯ ಆಸೆ ಬಿಟ್ಟು, ಅಚ್ಚುಕಟ್ಟಾಗಿ ಸೊಂಟದ ಬೆಲ್ಟ್ ಹಾಕಿಸಿ. ಸೊಂಟದ ಬೆಲ್ಟಿನಲ್ಲಿ ಮೈ ಮುಂದಕ್ಕೆ ಮಡಚಿ ಹೊಟ್ಟೆಗೂ ಬೆನ್ನಿಗೂ ಪೆಟ್ಟಾಗಬಹುದು, ಅದು ಗೊತ್ತಿರಲಿ. ಆದರೂ ಬೆಲ್ಟೇ ಇಲ್ಲದೆ ಮುಂದಿನ ಸೀಟಿನ ಮೇಲೆ ಹಾರುವುದಕ್ಕಿಂತ ಎಷ್ಟೋ ಮೇಲು. ಕೆಟ್ಟ ಜಾಗಕ್ಕೆ ಕಟ್ಟಿದ ಹೆಗಲ ಪಟ್ಟಿಗಿಂತಲೂ ಮೇಲು.

ಕೆಳಗಿನ ಎರಡು ತುದಿ ಅಷ್ಟು ಕಷ್ಟವಲ್ಲ. ಬಾಗಿಲ ಕಡೆಯದು ಚಕ್ರದ ಗೂಡು ನೆಲಕ್ಕೆ ಸೇರುವ ಮೂಲೆಯಲ್ಲಿ, ಬಕಲ್ ಕಡೆಯದು ನಡುವಿನ ಏರುಭಾಗದ ಬುಡದಲ್ಲಿ. ಒಬ್ಬರ ಎರಡು ಕೆಳತುದಿಗಳ ನಡುವೆ ಕನಿಷ್ಠ 35 ಸೆಂ.ಮೀ. ಅಂತರ ಇರಲಿ. ಡ್ರಿಲ್ ಹಿಡಿಯುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಲೇಬೇಕು. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಪ್ರೊಪೆಲ್ಲರ್ ಶಾಫ್ಟು ಎಲ್ಲವೂ ಅಲ್ಲೇ ಹಾದು ಹೋಗುತ್ತವೆ. ಇಲ್ಲೂ ತಗಡಿನ ಕೆಳಗೆ ಹಾಕುವ ಉಕ್ಕಿನ ಪಟ್ಟಿ, ನಟ್ಟು ಯಾವುದಕ್ಕೂ ಉಜ್ಜಬಾರದು. ನಾಲ್ಕು ಜನ ಕೂತು ಹಿಂದಿನ ಪಟ್ಟೆ ಸ್ಪ್ರಿಂಗ್ ಅದುಮಿಕೊಂಡಾಗಲೂ ಉಜ್ಜಬಾರದು. ಬೆಸುಗೆಯ ದಿನ ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಸೀಟಿನ ನಾರು-ಫೋಮು ಗಾಡಿಯಿಂದ ಹೊರಗಿಡಿಸಿ. ‘ಒದ್ದೆ ಗೋಣಿ ಮುಚ್ಚಿದರೆ ಸಾಕು ಸಾರ್’ ಅನ್ನುತ್ತಾರೆ. ಸಾಕಾಗುವುದಿಲ್ಲ.

ಬೋಲ್ಟಿನ ಬಗ್ಗೆ ಎರಡು ಮಾತು. ಬೆಲ್ಟಿಗೆ ಬಳಸುವ ಬೋಲ್ಟ್ ಬಹುಪಾಲು ಜಗತ್ತಿನಲ್ಲಿ ಒಂದೇ: 7/16 ಇಂಚು, ಇಂಚಿಗೆ 20 ಸುತ್ತಿನ ಸಣ್ಣ ಮರೆ (ಥ್ರೆಡ್). ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ. 12 ಎಂಎಂ ಕೊಟ್ಟು ‘ಹತ್ತಿರ ಹತ್ತಿರ ಅದೇ’ ಅನ್ನುತ್ತಾರೆ. ಅದೇ ಅಲ್ಲ. 7/16 ಅಂದರೆ 11.1 ಎಂಎಂ, ಮರೆಯೂ ಬೇರೆ. ಬಲವಂತವಾಗಿ ತಿರುಗಿಸಿದರೆ ಮರೆ ಕಿತ್ತು, ಬಿಗಿಯಾದಂತೆ ಕಾಣುತ್ತದೆ ಅಷ್ಟೇ. ಬೆಲ್ಟಿನ ಜೊತೆಗೇ ಬರುವ ಬೋಲ್ಟನ್ನೇ ಬಳಸಿ, ಅದೇ ಅಳತೆಯ ನಟ್ಟನ್ನು ಉಕ್ಕಿನ ಪಟ್ಟಿಗೆ ಬೆಸೆಸಿ. ಆ ಬೋಲ್ಟಿನ ಕುತ್ತಿಗೆಯಲ್ಲಿ ಒಂದು ದಪ್ಪ ಭಾಗ ಇರುತ್ತದೆ. ಅದರಿಂದ ಬೋಲ್ಟ್ ಬಿಗಿದ ಮೇಲೂ ಬೆಲ್ಟಿನ ತುದಿ ಸಡಿಲವಾಗಿ ತಿರುಗುತ್ತದೆ. ತಿರುಗದ ಹಾಗೆ ವಾಷರ್ ಹಾಕಿ ಅದುಮಿಬಿಡುವವರೂ ಇದ್ದಾರೆ, ಬೇಡ ಅನ್ನಿ.

ಬೆಲ್ಟ್ ಯಾವುದು? ಹೊಸದನ್ನೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಹೊಸದೂ ಸಿಗುತ್ತದೆ, ಸ್ವಲ್ಪ ದೂರದ ಗುಜರಿಯಲ್ಲಿ ಹಳೆಯದೂ ಸಿಗುತ್ತದೆ. ನಾನು ಗುಜರಿಯ ವಿರೋಧಿಯಲ್ಲ. ನನ್ನ ಅರ್ಧ ಜೀವನ ಗುಜರಿಯಲ್ಲೇ ಕಳೆದಿದೆ, ಪದ್ಮಿನಿಯ ಬಾಗಿಲ ಹಿಡಿಕೆ, ಲೈಟು, ಗಾಜು ಎಲ್ಲ ಅಲ್ಲಿಂದಲೇ ತನ್ನಿ. ಬೆಲ್ಟ್ ಮಾತ್ರ ಬೇಡ. ಅಪಘಾತದಲ್ಲಿ ಒಮ್ಮೆ ಜಗ್ಗಿಸಿಕೊಂಡ ಬೆಲ್ಟಿನ ನೂಲು ಹಿಗ್ಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗುಜರಿಗೆ ಕಾರು ಬರುವುದೇ ಹೆಚ್ಚಾಗಿ ಅಪಘಾತದಿಂದ, ಅಲ್ವಾ? ಅದೂ ಅಲ್ಲದೆ ಹೊಸ ಕಾರಿನ ಮುಂದಿನ ಬೆಲ್ಟಿನ ರೀಲಿನಲ್ಲಿ ಗುದ್ದಿದ ಕೂಡಲೇ ಪಟ್ಟಿ ಎಳೆದುಕೊಳ್ಳಲು ಸಣ್ಣ ಸಿಡಿಮದ್ದು ಇರುತ್ತದೆ. ಅದನ್ನು ಗೊತ್ತಿಲ್ಲದೆ ಬಿಚ್ಚುವುದೂ ಅಪಾಯ.

ಹೊಸದನ್ನು ಕೊಳ್ಳುವಾಗ ಪಟ್ಟಿಗೆ ಹೊಲಿದ ಚೀಟಿ ನೋಡಿ. ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಜೊತೆಗೆ 16 ಎಂಬ ನಿಯಮದ ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ಬೆಲ್ಟ್ ನಿಯಮದಂತೆ ಪರೀಕ್ಷೆಯಾದದ್ದು. ಆ ನಿಯಮದ ಪ್ರಕಾರ ಪಟ್ಟಿ 14,700 ನ್ಯೂಟನ್‌ಗಿಂತ ಮೊದಲು ಹರಿಯಬಾರದು. ಚೀಟಿಯೇ ಇಲ್ಲದ, ಬಣ್ಣ ಬಣ್ಣದ ‘ರೇಸಿಂಗ್’ ಬೆಲ್ಟುಗಳನ್ನು ಬಿಟ್ಟುಬಿಡಿ.

ಇನ್ನು ರೀಲು. ಮೆಲ್ಲಗೆ ಎಳೆದರೆ ಬಿಚ್ಚಿಕೊಳ್ಳುವ, ಥಟ್ಟನೆ ಎಳೆದರೆ ಹಿಡಿದುಕೊಳ್ಳುವ ರೀಲು ಗೊತ್ತಲ್ಲ, ಅದೇ ನಿಮಗೆ ಬೇಕಾದದ್ದು. ಅದರೊಳಗೆ ಒಂದು ಪುಟ್ಟ ಉಕ್ಕಿನ ಗುಂಡು ಬಟ್ಟಲಲ್ಲಿ ಕೂತಿರುತ್ತದೆ. ಗಾಡಿ ಜೋರಾಗಿ ನಿಂತಾಗ ಗುಂಡು ಉರುಳಿ ಕೊಂಡಿಯನ್ನು ಎತ್ತುತ್ತದೆ, ರೀಲು ಹಲ್ಲು ಕಚ್ಚುತ್ತದೆ. ಗುಂಡಿಗೆ ಮೇಲು ಯಾವುದು, ಕೆಳಗು ಯಾವುದು ಗೊತ್ತಾಗಬೇಕಾದರೆ ರೀಲನ್ನು ಅದಕ್ಕೆ ಹೇಳಿದ ಓರೆಯಲ್ಲೇ ಕೂರಿಸಬೇಕು. ನಿಯಮದಲ್ಲಿ ಲೆಕ್ಕ ಹೀಗಿದೆ: 12 ಡಿಗ್ರಿ ವಾಲುವವರೆಗೆ ಹಿಡಿಯಬಾರದು, 27 ಡಿಗ್ರಿ ದಾಟಿದರೆ ಹಿಡಿಯಲೇಬೇಕು. ನೆಟ್ಟಗೆ ಕೂರಬೇಕಾದ ರೀಲನ್ನು ಅಡ್ಡಡ್ಡ ಮಲಗಿಸಿದರೆ ಅದು ಯಾವಾಗಲೂ ಹಿಡಿದೇ ಇರುತ್ತದೆ. ಆಗ ಕೆಲವು ಮೆಕ್ಯಾನಿಕ್‌ಗಳು ಏನು ಮಾಡುತ್ತಾರೆ ಗೊತ್ತಾ? ಗುಂಡನ್ನೇ ಕಿತ್ತು ಬಿಸಾಡುತ್ತಾರೆ! ನಾನು ಕಣ್ಣಾರೆ ಕಂಡಿದ್ದೇನೆ. ಕೊಳ್ಳುವಾಗಲೇ ‘ಕಂಬದ ಬುಡದಲ್ಲಿ ನೆಟ್ಟಗೆ ಕೂರಿಸುತ್ತೇನೆ’ ಅಂತಲೋ ‘ತಟ್ಟೆಯ ಮೇಲೆ ಮಲಗಿಸುತ್ತೇನೆ’ ಅಂತಲೋ ಹೇಳಿ, ಅದಕ್ಕೆ ತಕ್ಕ ರೀಲು ತೆಗೆದುಕೊಳ್ಳಿ. ಕೋನ ಹೊಂದಿಸಿಕೊಳ್ಳಬಹುದಾದ ರೀಲುಗಳೂ ಇವೆ.

ಬಕಲಿನ ಕಾಂಡ ಗಡುಸಾಗಿ ನೆಟ್ಟಗೆ ನಿಲ್ಲುವಂಥದ್ದು ಆರಿಸಿ. ಮೆತ್ತನೆಯ ಪಟ್ಟಿಗೆ ಹೊಲಿದ ಬಕಲ್ ಸೀಟಿನ ಸಂದಿಗೆ ಬಿದ್ದುಹೋಗುತ್ತದೆ. ಸೀರೆ ಉಟ್ಟ 72 ವರ್ಷದ ಅಮ್ಮ ಪ್ರತಿ ಸಲ ಬಗ್ಗಿ ಹುಡುಕುತ್ತಾರಾ? ‘ಹೋಗಲಿ ಬಿಡು, ಇಲ್ಲೇ ತಾನೇ ಹೋಗೋದು’ ಅಂದುಬಿಡುತ್ತಾರೆ. ಒಂದೇ ಕೈಗೆ ಸಿಗುವ ಹಾಗಿದ್ದರೆ ಹಾಕಿಕೊಳ್ಳುತ್ತಾರೆ.

ಈಗ ಮಕ್ಕಳ ವಿಷಯ. ಇಲ್ಲಿ ನಿಮಗೆ ಸ್ವಲ್ಪ ಬೇಜಾರಾಗಬಹುದು. ಪದ್ಮಿನಿಯ ಹಿಂದಿನ ಸೀಟಿಗೆ ಹೆಗಲ ಬೆಲ್ಟ್ ಇಬ್ಬರಿಗೆ ಮಾತ್ರ ಸರಿಯಾಗಿ ಕೂರುತ್ತದೆ. ನಡುವಿನವರಿಗೆ ಹೆಗಲ ಪಟ್ಟಿ ಕಟ್ಟಲು ಗಟ್ಟಿ ಜಾಗವೇ ಇಲ್ಲ. ನಡುವೆ ಸೊಂಟದ ಬೆಲ್ಟ್ ಹಾಕಿ ಮಗುವನ್ನು ಕೂರಿಸಬಹುದಲ್ಲ ಅಂತ ಕೇಳುತ್ತೀರಿ. ಎಂಟು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಸರಿಯಾಗಿ ಕೂರಬೇಕಾದರೆ ಕೆಳಗೊಂದು ಬೂಸ್ಟರ್ ಸೀಟು, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸಣ್ಣ ಸೀಟು ಬೇಕು. ಬೂಸ್ಟರಿಗೆ ಹೆಗಲ ಪಟ್ಟಿಯೂ ಇರುವ ಬೆಲ್ಟೇ ಬೇಕು, ಬರೀ ಸೊಂಟದ ಬೆಲ್ಟಿನಲ್ಲಿ ಅದನ್ನು ಬಳಸುವಂತಿಲ್ಲ. ಹುಡುಗಿ 135 ಸೆಂ.ಮೀ. ದಾಟುವವರೆಗಾದರೂ ಬೂಸ್ಟರ್ ಇರಲಿ, 150ರವರೆಗೆ ಇದ್ದರೆ ಇನ್ನೂ ಒಳ್ಳೆಯದು. ಹನ್ನೊಂದರ ಹುಡುಗಿಗೂ ಅಳತೆ ನೋಡಿ, ವಯಸ್ಸು ನೋಡಬೇಡಿ.

ಆದ್ದರಿಂದ ನನ್ನ ಮಾತು: ಹಿಂದೆ ಇಬ್ಬರೇ. ಅಮ್ಮ ಒಂದು ಬದಿ, ಚಿಕ್ಕವಳು ಬೂಸ್ಟರಿನಲ್ಲಿ ಇನ್ನೊಂದು ಬದಿ. ದೊಡ್ಡವಳು ಮುಂದೆ. ಹೊಸ ಕಾರಿನಲ್ಲಿ ಮಕ್ಕಳನ್ನು ಮುಂದೆ ಕೂರಿಸಬೇಡಿ ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಏರ್‌ಬ್ಯಾಗು. ನಿಮ್ಮ ಗಾಡಿಯಲ್ಲಿ ಅದಿಲ್ಲ. ಆದರೆ ಮುಂದಿನ ಬೆಲ್ಟಿಗೂ ಹೆಗಲ ಪಟ್ಟಿ ಇರಬೇಕು, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಬೇಕು. ಅಪ್ಪ ಹಾಕಿಸಿದ ಆ ಹಳೇ ಬೆಲ್ಟಿನ ಕಟ್ಟುಗಳನ್ನೂ ಇದೇ ಹೊತ್ತಿನಲ್ಲಿ ಬಿಚ್ಚಿ ನೋಡಿಸಿ. ಐದನೆಯವರು ಬರುವ ದಿನ ಪದ್ಮಿನಿ ಮನೆಯಲ್ಲಿರಲಿ, ಬಸ್ಸಿದೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಕಾರು ತಯಾರಕರು ಮುಂದಿನ ಸೀಟಿಗೆ ಬೆಲ್ಟ್ ಕೊಡಲೇಬೇಕು ಅಂತಾದದ್ದು 1994ರಲ್ಲಿ. ಹಿಂದಿನವರೂ ಹಾಕಬೇಕೆಂಬ ನಿಯಮ ಬೆಲ್ಟ್ ಕೊಟ್ಟಿರುವ ಗಾಡಿಗಳಿಗೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತು ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ನಿಯಮ ಎಲ್ಲರ ಬಾಯಿಗೆ ಬಂತು. ನಿಮ್ಮ 1979ರ ಗಾಡಿಗೆ ಬೆಲ್ಟ್ ಇರಲೇಬೇಕು ಅಂತ ಯಾರೂ ಕೇಳುವುದಿಲ್ಲ, ಹಾಕಿಸಿದ್ದು ತಪ್ಪು ಅಂತಲೂ ಅಲ್ಲ. ಬಣ್ಣ, ಎಂಜಿನ್, ಚಾಸಿ ನಂಬರ್, ಸೀಟಿನ ಲೆಕ್ಕ, ಆರ್‌ಸಿಯಲ್ಲಿ ಬರೆದ ಯಾವುದೂ ಇದರಿಂದ ಬದಲಾಗುವುದಿಲ್ಲ. ಮುಂದೆ ಆರ್‌ಸಿ ನವೀಕರಣಕ್ಕೆ ಹೋದಾಗ ತೋರಿಸಲು ಕೆಲಸದ ಫೋಟೊಗಳನ್ನೂ ಬಿಲ್ಲನ್ನೂ ಇಟ್ಟುಕೊಳ್ಳಿ, ವಿಮೆಯವರಿಗೂ ಒಂದು ಪತ್ರ ಬರೆದುಬಿಡಿ. ಗಾಡಿಗೆ 50 ವರ್ಷ ತುಂಬಿದ ಮೇಲೆ ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ ಮೂಲ ಬಾಡಿಯನ್ನು ಕತ್ತರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ಆದರೆ ವಿಂಟೇಜ್ ನೋಂದಣಿ ಮಾಡಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಿಂಗಳಿಗೆರಡು ಸಲ ಶಿವಮೊಗ್ಗಕ್ಕೆ ಹೋಗುವವರಿಗೆ ಅದು ಹೊಂದುವುದೂ ಇಲ್ಲ.

ಕೆಲಸ ಮುಗಿದ ದಿನ ಗಾಡಿ ತೆಗೆದುಕೊಳ್ಳುವ ಮೊದಲು ಹೊದಿಕೆ ಹಾಕಲು ಬಿಡಬೇಡಿ. ಬೆಸುಗೆ ಕಣ್ಣಾರೆ ನೋಡಿ. ಬೆಸುಗೆಯ ಸುತ್ತ ಪ್ರೈಮರ್, ಟೊಳ್ಳು ಕಂಬದೊಳಗೆ ಮೇಣದಂಥ ತುಕ್ಕುನಿರೋಧಕ ಹೊಡೆಸಿ. ಇಲ್ಲದಿದ್ದರೆ ಎರಡೇ ಮಳೆಗಾಲದಲ್ಲಿ ಹೊಸ ಕೆಲಸವೇ ಕೊಳೆಯುತ್ತದೆ. ಬಾಗಿಲ ಚೌಕಟ್ಟಿಗೆ ಕಾಲು ಕೊಟ್ಟು ಪ್ರತಿ ಬೆಲ್ಟನ್ನೂ ಮೈಭಾರ ಬಿಟ್ಟು ಜಗ್ಗಿ. ಇದು ದೊಡ್ಡ ಪರೀಕ್ಷೆಯೇನಲ್ಲ, ನಾನು ಹೇಳಿದ ಒಂದು ಟನ್ನಿನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಆ ಅಂಬಾಸಿಡರಿನಂಥ ಕೆಲಸ ಮಾಡಿದ್ದರೆ ಇಷ್ಟಕ್ಕೇ ಬಣ್ಣ ಬಯಲಾಗುತ್ತದೆ. ಆಮೇಲೆ ಜನರಿಲ್ಲದ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಹೋಗಿ ಜೋರಾಗಿ ಬ್ರೇಕ್ ಒತ್ತಿ. ಹಿಂದೆ ಕೂತ ದೊಡ್ಡವರು ಬೆಲ್ಟನ್ನು ಕೈಯಲ್ಲಿ ಸ್ವಲ್ಪ ಎಳೆದು ಹಿಡಿದಿರಲಿ. ರೀಲು ಕಚ್ಚಿದ್ದು ಕೈಗೆ ಗೊತ್ತಾಗಬೇಕು. ಕಚ್ಚದಿದ್ದರೆ ರೀಲಿನ ಓರೆ ತಪ್ಪಿದೆ.

ಒಂದು ಸಾವಿರ ಕಿ.ಮೀ. ಓಡಿದ ಮೇಲೆ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಇಟ್ಟು ನೋಡಿಸಿ. ಬೆಲ್ಟಿನ ಮೇಲೆ ಎಲೆ ಅಡಿಕೆಯ ರಸ ಬಿದ್ದರೆ ಸೋಪಿನ ನೀರಲ್ಲಿ ಒರೆಸಿ. ಬ್ಲೀಚು, ಬಣ್ಣ ಏನೂ ಹಾಕಬೇಡಿ, ನೂಲು ಸೋಲುತ್ತದೆ. ಮತ್ತೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಅಡಿಕೆ ಮೂಟೆ, ಭತ್ತ ಇಟ್ಟಿದ್ದೀರಾ? ಹಾಗಾದರೆ ಇಲಿ ಇದ್ದೇ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯವರೆಗೂ ನೋಡಿ. ರೀಲಿನೊಳಗೆ ಸುತ್ತಿಕೊಂಡ ಭಾಗವನ್ನೇ ಅದು ಮೊದಲು ಕಡಿಯುವುದು.